ಜೇನುಗೂಡಿನಂಥ ರೇಡಿಯೇಟರ್ ಕೊಟ್ಟ ವಿಲ್‌ಹೆಲ್ಮ್ ಮೇಬ್ಯಾಕ್

ಲಾರಿ ಮತ್ತು ಕಾರುಗಳ ಮುಂಭಾಗದಲ್ಲಿ ಜಾಲರಿಯಂಥ ಒಂದು ಭಾಗವಿರುವುದನ್ನು ನೀವು ನೋಡಿರಬಹುದು. ಅದರ ಹಿಂದೆ ರೇಡಿಯೇಟರ್ ಇರುತ್ತದೆ. ಎಂಜಿನ್ನಿನ ಬಿಸಿಯನ್ನು ಹೊತ್ತು ತಂದ ದ್ರವ ಇಲ್ಲಿ ತಣ್ಣಗಾಗಿ ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಈ ವ್ಯವಸ್ಥೆ ಕೆಟ್ಟರೆ ಎಷ್ಟು ದೊಡ್ಡ ವಾಹನವಾದರೂ ರಸ್ತೆ ಬದಿಯಲ್ಲಿ ನಿಲ್ಲಲೇಬೇಕು. ಇಂದಿನ ರೇಡಿಯೇಟರಿಗೆ ದಾರಿ ಮಾಡಿಕೊಟ್ಟವರು ಜರ್ಮನಿಯ ವಿಲ್‌ಹೆಲ್ಮ್ ಮೇಬ್ಯಾಕ್.

ಅನಾಥ ಬಾಲಕ

ಮೇಬ್ಯಾಕ್ ಜನಿಸಿದ್ದು 1846ರ ಫೆಬ್ರವರಿ 9ರಂದು, ಜರ್ಮನಿಯ ಹೈಲ್‌ಬ್ರಾನ್ ಎಂಬ ಊರಿನಲ್ಲಿ. ತಂದೆ ಬಡಗಿ. ಐವರು ಗಂಡುಮಕ್ಕಳ ಸಂಸಾರ. ಬಾಲ್ಯದಲ್ಲಿಯೇ ವಿಲ್‌ಹೆಲ್ಮ್ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡರು. ರಾಯ್ಟ್ಲಿಂಗನ್ ಎಂಬಲ್ಲಿ ಗುಸ್ಟಾವ್ ವೆರ್ನರ್ ಎಂಬ ಪಾದ್ರಿ ಅನಾಥರಿಗೂ ಬಡವರಿಗೂ ಆಶ್ರಯ ನೀಡುವ ಸಂಸ್ಥೆಯೊಂದನ್ನು ನಡೆಸುತ್ತಿದ್ದರು. ಬಾಲಕ ಅಲ್ಲಿಗೆ ಸೇರಿದ. ಆ ಸಂಸ್ಥೆಗೆ ಸ್ವಂತ ಯಂತ್ರ ಕಾರ್ಖಾನೆಯೂ ಇತ್ತು.

ಹುಡುಗನಿಗೆ ನಕ್ಷೆ ಬಿಡಿಸುವುದರಲ್ಲಿ ಒಳ್ಳೆಯ ಕೈ ಇದೆ ಎಂಬುದನ್ನು ವೆರ್ನರ್ ಗುರುತಿಸಿದರು. ಹದಿನೈದನೆಯ ವಯಸ್ಸಿಗೆ ಯಂತ್ರಗಳ ವಿನ್ಯಾಸದ ತರಬೇತಿ ಶುರುವಾಯಿತು. ಹಗಲು ಕಾರ್ಖಾನೆಯಲ್ಲಿ ಕೆಲಸ, ಸಂಜೆ ಊರಿನ ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಪಾಠ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದಿದ್ದರೂ ಕಲಿಕೆ ನಿಲ್ಲಲಿಲ್ಲ.

ಡೈಮ್ಲರ್ ಜೊತೆಯಲ್ಲಿ

ಆ ಕಾರ್ಖಾನೆಯ ಮೇಲ್ವಿಚಾರಣೆಗೆ ಬಂದವರು ಗಾಟ್ಲೀಬ್ ಡೈಮ್ಲರ್. ಮೇಬ್ಯಾಕರಿಗಿಂತ ಹನ್ನೆರಡು ವರ್ಷ ದೊಡ್ಡವರು. ಇಬ್ಬರ ನಡುವೆ ಬೆಳೆದ ಸ್ನೇಹ ಜೀವನಪೂರ್ತಿ ಉಳಿಯಿತು. 1869ರಲ್ಲಿ ಡೈಮ್ಲರ್ ಕಾರ್ಲ್ಸ್‌ರೂಹ ನಗರಕ್ಕೆ ಹೋದಾಗ ಮೇಬ್ಯಾಕರನ್ನೂ ಕರೆಸಿಕೊಂಡರು. 1872ರಲ್ಲಿ ಇಬ್ಬರೂ ಡಾಯ್ಟ್ಸ್‌ನ ಎಂಜಿನ್ ಕಾರ್ಖಾನೆ ಸೇರಿದರು. ನಿಕೊಲಾಸ್ ಆಟೊ ಅವರ ಪ್ರಸಿದ್ಧ ನಾಲ್ಕು ಹೊಡೆತದ ಎಂಜಿನ್ 1876ರಲ್ಲಿ ಸಿದ್ಧವಾದದ್ದು ಅಲ್ಲಿಯೇ.

ಆ ಎಂಜಿನ್ನುಗಳು ಭಾರವಾದವು, ನಿಧಾನವಾದವು, ನೆಲಕ್ಕೆ ಕಚ್ಚಿಕೊಂಡು ನಿಂತೇ ಓಡುವಂಥವು. ಗಾಡಿಯ ಮೇಲೆ ಇಡಬಹುದಾದ ಹಗುರವಾದ, ವೇಗದ ಎಂಜಿನ್ ಬೇಕು ಎಂಬುದು ಇವರಿಬ್ಬರ ಕನಸು. 1882ರಲ್ಲಿ ಅವರು ಡಾಯ್ಟ್ಸ್ ಬಿಟ್ಟು ಸ್ಟುಟ್‌ಗಾರ್ಟ್ ಬಳಿಯ ಕಾನ್‌ಸ್ಟಾಟ್‌ಗೆ ಬಂದರು. ಡೈಮ್ಲರ್ ಮನೆಯ ತೋಟದಲ್ಲಿದ್ದ ಪುಟ್ಟ ಕಟ್ಟಡವೇ ಅವರ ಕಾರ್ಯಾಗಾರವಾಯಿತು. 1885ರಲ್ಲಿ ಎಂಜಿನ್ ಕೂರಿಸಿದ ದ್ವಿಚಕ್ರ ವಾಹನ, 1886ರಲ್ಲಿ ನಾಲ್ಕು ಚಕ್ರದ ಮೋಟಾರು ಗಾಡಿ ಅಲ್ಲಿಂದ ಹೊರಬಂದವು.

ಬಿಸಿ ಎಂಬ ಸಮಸ್ಯೆ

ಎಂಜಿನ್ನಿನೊಳಗೆ ಇಂಧನ ಉರಿದಾಗ ಅನಿಲದ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಶಾಖವೆಲ್ಲ ಚಕ್ರ ತಿರುಗಿಸಲು ಬಳಕೆಯಾಗುವುದಿಲ್ಲ. ಹೆಚ್ಚು ಕಡಿಮೆ ಮೂರನೆಯ ಒಂದು ಭಾಗ ಹೊಗೆಯ ಜೊತೆ ಹೊರಹೋದರೆ, ಅಷ್ಟೇ ಶಾಖ ಎಂಜಿನ್ನಿನ ಲೋಹಕ್ಕೆ ಸೇರುತ್ತದೆ. ಅದನ್ನು ಹೊರಹಾಕದಿದ್ದರೆ ಎಣ್ಣೆ ಕೆಟ್ಟು, ಲೋಹ ಹಿಗ್ಗಿ, ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ.

ಮೊದಲ ಕಾರುಗಳಲ್ಲಿ ಇದಕ್ಕೆ ಸರಳ ಉಪಾಯವಿತ್ತು. ಎಂಜಿನ್ನಿನ ಸುತ್ತ ನೀರು ತುಂಬುವುದು, ಅದು ಕುದಿದು ಆವಿಯಾದಂತೆ ಮತ್ತೆ ನೀರು ಹಾಕುವುದು! ಕಾರ್ಲ್ ಬೆಂಜ್ ಅವರ ಕಾರು ತಣ್ಣಗಾಗುತ್ತಿದ್ದುದು ಹೀಗೆಯೇ. 1888ರ ಆಗಸ್ಟ್‌ನಲ್ಲಿ ಅವರ ಪತ್ನಿ ಬೆರ್ಥಾ ಬೆಂಜ್ ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಕಾರಿನಲ್ಲಿ ಹೋದಾಗ ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ನೀರು ತುಂಬಿಸಬೇಕಾಯಿತು.

ಮೇಬ್ಯಾಕ್ ಬೇರೆ ರೀತಿ ಯೋಚಿಸಿದರು. ನೀರನ್ನು ಕುದಿಸಿ ಕಳೆದುಕೊಳ್ಳುವ ಬದಲು ಅದೇ ನೀರನ್ನು ತಣ್ಣಗಾಗಿಸಿ ಮತ್ತೆ ಮತ್ತೆ ಬಳಸಬಾರದೇಕೆ? 1889ರಲ್ಲಿ ಅವರು ರೂಪಿಸಿದ ಉಕ್ಕಿನ ಚಕ್ರದ ಕಾರಿನಲ್ಲಿ ಚೌಕಟ್ಟಿನ ಕೊಳವೆಗಳೊಳಗೇ ನೀರು ಹರಿಯುತ್ತಿತ್ತು. 1897ರ ಹೊತ್ತಿಗೆ ಸಣ್ಣ ಸಣ್ಣ ಕೊಳವೆಗಳ ರೇಡಿಯೇಟರ್ ತಯಾರಾಯಿತು.

ಜೇನುಗೂಡು

1900ರ ಮಾರ್ಚ್ 6ರಂದು ಡೈಮ್ಲರ್ ತೀರಿಕೊಂಡರು. ಮೇಬ್ಯಾಕರಿಗೆ ಇದು ದೊಡ್ಡ ಆಘಾತ. ಅದೇ ತಿಂಗಳ ಕೊನೆಯಲ್ಲಿ ಫ್ರಾನ್ಸಿನ ನೀಸ್ ನಗರದ ಬಳಿ ನಡೆದ ಬೆಟ್ಟ ಹತ್ತುವ ಸ್ಪರ್ಧೆಯಲ್ಲಿ ಡೈಮ್ಲರ್ ಕಂಪನಿಯ ಕಾರು ಅಪಘಾತಕ್ಕೀಡಾಗಿ ಚಾಲಕ ವಿಲ್‌ಹೆಲ್ಮ್ ಬೌವರ್ ಸಾವಿಗೀಡಾದರು. ಕಂಪನಿಯ ಕಾರುಗಳನ್ನು ಕೊಂಡು ಮಾರುತ್ತಿದ್ದ ಎಮಿಲ್ ಯೆಲಿನೆಕ್ ತಗ್ಗಾದ, ಅಗಲವಾದ, ಹೆಚ್ಚು ಸುರಕ್ಷಿತವಾದ, ಆದರೆ ಹೆಚ್ಚು ಶಕ್ತಿಶಾಲಿಯಾದ ಕಾರು ಬೇಕೆಂದು ಕೇಳಿದರು. ಅದಕ್ಕೆ ತಮ್ಮ ಮಗಳ ಹೆಸರಿಡಬೇಕೆಂದರು. ಆಕೆಯ ಹೆಸರು ಮರ್ಸಿಡಿಸ್.

ಶಕ್ತಿ ಹೆಚ್ಚಿದರೆ ಬಿಸಿಯೂ ಹೆಚ್ಚು. ಹೆಚ್ಚು ನೀರು ತುಂಬಿದರೆ ಕಾರಿನ ಭಾರ ಹೆಚ್ಚು. ಮೇಬ್ಯಾಕ್ ಈ ಗಂಟನ್ನು ಬಿಡಿಸಿದ ಬಗೆ ಸೊಗಸಾದದ್ದು. 6 ಮಿಲಿಮೀಟರ್ ಬದಿಯ ಚೌಕಾಕಾರದ 8,070 ಪುಟ್ಟ ಕೊಳವೆಗಳನ್ನು ಒತ್ತಾಗಿ ಜೋಡಿಸಿದರು. ಕೊಳವೆಗಳ ಒಳಗೆ ಗಾಳಿ, ಅವುಗಳ ನಡುವಿನ ಕಿರಿದಾದ ಸಂದಿಯಲ್ಲಿ ನೀರು. ಹಿಂದೆ ಗಾಳಿ ಎಳೆಯುವ ಫ್ಯಾನು. ನೋಡಲು ಜೇನುಗೂಡಿನಂತೆಯೇ ಇತ್ತು. 35 ಅಶ್ವಶಕ್ತಿಯ ಆ ಎಂಜಿನ್ನಿಗೆ ಸುಮಾರು 9 ಲೀಟರ್ ನೀರು ಸಾಕಾಯಿತು. ಹಿಂದಿನ ವಿಧಾನಕ್ಕೆ ಬೇಕಾಗುತ್ತಿದ್ದುದರಲ್ಲಿ ಇದು ಅರ್ಧದಷ್ಟು ಮಾತ್ರ.

ಇದರ ಹಿಂದಿನ ಲೆಕ್ಕ ನಿಮಗೂ ಬರುತ್ತದೆ. 6 ಸೆಂಟಿಮೀಟರ್ ಬದಿಯ ಒಂದು ಚೌಕದ ಸುತ್ತಳತೆ 24 ಸೆಂಟಿಮೀಟರ್. ಅದೇ ಚೌಕವನ್ನು 6 ಮಿಲಿಮೀಟರ್ ಬದಿಯ 100 ಚೌಕಗಳಾಗಿ ಮಾಡಿ. ಒಂದೊಂದರ ಸುತ್ತಳತೆ 2.4 ಸೆಂಟಿಮೀಟರ್, ಒಟ್ಟು 240 ಸೆಂಟಿಮೀಟರ್. ಜಾಗ ಅಷ್ಟೇ, ಆದರೆ ಸುತ್ತಳತೆ ಹತ್ತು ಪಟ್ಟು! ಕೊಳವೆಗಳಲ್ಲೂ ಹೀಗೆಯೇ. ಗಾಳಿಗೆ ತಾಗುವ ಮೇಲ್ಮೈ ಹೆಚ್ಚಿದಷ್ಟೂ ಶಾಖ ಬೇಗ ಹೊರಹೋಗುತ್ತದೆ.

1901ರ ಮಾರ್ಚ್‌ನಲ್ಲಿ ಅದೇ ನೀಸ್‌ನಲ್ಲಿ ನಡೆದ ಸ್ಪರ್ಧೆಗಳಲ್ಲಿ ಮರ್ಸಿಡಿಸ್ ಕಾರು ಎಲ್ಲರನ್ನೂ ಬೆರಗುಗೊಳಿಸಿತು.

ನೀರಿನಿಂದ ಕೂಲೆಂಟ್‌ವರೆಗೆ

ನೀರಿನ ಪ್ರಮಾಣ ಕಡಿಮೆಯಾಯಿತು, ಹರಿಯುವ ದಾರಿ ಕಿರಿದಾಯಿತು. ಹಾಗಾಗಿ ಆ ನೀರಿನ ಗುಣಮಟ್ಟ ಬಹಳ ಮುಖ್ಯವಾಯಿತು. ಗಡಸು ನೀರಿನ ಲವಣ ಮತ್ತು ಕಬ್ಬಿಣದ ತುಕ್ಕು ಕಿರಿದಾದ ಸಂದಿಗಳಲ್ಲಿ ಕಟ್ಟಿಕೊಂಡರೆ ಎಂಜಿನ್ ಕಾದುಹೋಗುತ್ತದೆ. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟಿ, ಹಿಗ್ಗಿ, ಲೋಹವನ್ನೇ ಸೀಳಿಬಿಡುತ್ತದೆ. ಅದಕ್ಕಾಗಿ 1920ರ ದಶಕದಿಂದ ನೀರಿಗೆ ಎಥಿಲೀನ್ ಗ್ಲೈಕಾಲ್ ಬೆರೆಸುವ ರೂಢಿ ಬೆಳೆಯಿತು. ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೂ ಅದು ಹೆಪ್ಪುಗಟ್ಟುವುದಿಲ್ಲ. ಕುದಿಯುವ ಬಿಂದುವೂ ನೀರಿಗಿಂತ ಹೆಚ್ಚು. ಇದಕ್ಕೆ ತುಕ್ಕು ತಡೆಯುವ ರಾಸಾಯನಿಕಗಳನ್ನೂ ಸೇರಿಸಿರುತ್ತಾರೆ. ಇದೇ ಕೂಲೆಂಟ್.

ಕೂಲೆಂಟ್ ಸೋರಿಹೋಗದಿದ್ದರೂ ಅದನ್ನು ಏಕೆ ಬದಲಾಯಿಸಬೇಕು? ತುಕ್ಕು ತಡೆಯುವ ಅಂಶ ಕೆಲಸ ಮಾಡುತ್ತಾ ಮಾಡುತ್ತಾ ಖರ್ಚಾಗುತ್ತದೆ. ಗ್ಲೈಕಾಲ್ ಕೂಡ ಬಿಸಿಯಲ್ಲಿ ನಿಧಾನವಾಗಿ ಕೆಟ್ಟು ಆಮ್ಲವಾಗತೊಡಗುತ್ತದೆ. ಆಗ ಕಾಪಾಡಬೇಕಾದ ದ್ರವವೇ ಲೋಹವನ್ನು ತಿನ್ನುತ್ತದೆ. ಹಳೆಯ ಬಗೆಯ ಕೂಲೆಂಟನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೆ ಅಥವಾ 40ರಿಂದ 50 ಸಾವಿರ ಕಿಲೋಮೀಟರಿಗೆ, ಯಾವುದು ಮೊದಲೋ ಆಗ ಬದಲಾಯಿಸುತ್ತಾರೆ. ದೀರ್ಘ ಬಾಳಿಕೆಯ ಬಗೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಬರುತ್ತದೆ. ಆಯಾ ವಾಹನದ ಕೈಪಿಡಿಯಲ್ಲಿ ಹೇಳಿರುವುದೇ ಅಂತಿಮ. ಬಣ್ಣ ನೋಡಿ ಬೇರೆ ಬೇರೆ ಬಗೆಯವನ್ನು ಬೆರೆಸಬಾರದು.

ಎಚ್ಚರಿಕೆ: ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ಕಡು ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಪ್ರಾಣಾಪಾಯವಾಗಬಹುದು. ನೆಲಕ್ಕೆ ಚೆಲ್ಲಿದ ಕೂಲೆಂಟನ್ನು ನಾಯಿ, ಬೆಕ್ಕು, ದನಕರುಗಳು ನೆಕ್ಕಿದರೂ ಅಪಾಯ. ಅದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿಯುವ ದ್ರವ ಚಿಮ್ಮಿ ಮುಖ, ಕೈ ಸುಡುತ್ತದೆ.

ಕೊನೆಯ ದಿನಗಳು

1907ರಲ್ಲಿ ಮೇಬ್ಯಾಕ್ ಡೈಮ್ಲರ್ ಕಂಪನಿಯಿಂದ ಹೊರಬಂದರು. 1909ರಲ್ಲಿ ಮಗ ಕಾರ್ಲ್ ಜೊತೆಗೂಡಿ, ಕೌಂಟ್ ಜೆಪ್ಪೆಲಿನ್ ಅವರ ವಾಯುನೌಕೆಗಳಿಗೆ ಎಂಜಿನ್ ತಯಾರಿಸುವ ಕಂಪನಿಗೆ ಕಾರಣರಾದರು. ವಿಶ್ವವಿದ್ಯಾಲಯದಲ್ಲಿ ಓದದ ಅವರಿಗೆ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯ 1916ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1929ರ ಡಿಸೆಂಬರ್ 29ರಂದು ಅವರು ನಿಧನರಾದರು. ಕಾನ್‌ಸ್ಟಾಟ್‌ನಲ್ಲಿ ಡೈಮ್ಲರ್ ಸಮಾಧಿಯಿರುವ ಸ್ಮಶಾನದಲ್ಲಿಯೇ ಅವರ ಸಮಾಧಿಯೂ ಇದೆ.

ಮಾಡಿ ನೋಡಿ (ಬಿಸಿನೀರನ್ನು ಶಿಕ್ಷಕರೇ ಸುರಿಯಲಿ)

1. ಒಂದು ದೊಡ್ಡ ಸ್ಟೀಲ್ ಲೋಟದ ತುಂಬ ಬಿಸಿನೀರು ಹಾಕಿ. ಅಷ್ಟೇ ಬಿಸಿನೀರನ್ನು ನಾಲ್ಕು ಸಣ್ಣ ಸ್ಟೀಲ್ ಲೋಟಗಳಿಗೆ ಹಂಚಿ. ಎಲ್ಲವನ್ನೂ ಮುಚ್ಚಿ. ಹತ್ತು ನಿಮಿಷದ ನಂತರ ಥರ್ಮಾಮೀಟರ್ ಇಟ್ಟು ನೋಡಿ. ಯಾವ ನೀರು ಹೆಚ್ಚು ತಣ್ಣಗಾಗಿದೆ? ಏಕೆ?

2. ಎರಡು ಗಾಜಿನ ಲೋಟಗಳಲ್ಲಿ ನಲ್ಲಿ ನೀರು ತುಂಬಿ. ಒಂದರಲ್ಲಿ ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿ. ಎರಡರಲ್ಲೂ ಹೊಳೆಯುವ ಕಬ್ಬಿಣದ ಮೊಳೆ ಹಾಕಿ ಒಂದು ವಾರ ಬಿಡಿ. ಯಾವ ಮೊಳೆಗೆ ತುಕ್ಕು ಹಿಡಿಯಿತು? ಕೂಲೆಂಟ್‌ನಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳ ಕೆಲಸ ಏನೆಂಬುದನ್ನು ಇದರಿಂದ ಚರ್ಚಿಸಿ.