ತಿಲಿಸ್ಮಿನ ಬಾಗಿಲು ತೆರೆದ ದೇವಕೀನಂದನ ಖತ್ರಿ

1994ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಚಂದ್ರಕಾಂತಾ’ ಧಾರಾವಾಹಿಯನ್ನು ಹಿಂದಿ ಬಾರದ ಕನ್ನಡಿಗರೂ ಎವೆಯಿಕ್ಕದೆ ನೋಡಿದ್ದುಂಟು. ಪೊದೆಹುಬ್ಬಿನ ಕ್ರೂರಸಿಂಹನನ್ನು ಆ ತಲೆಮಾರಿನವರು ಇನ್ನೂ ಮರೆತಿಲ್ಲ. ಆದರೆ ಧಾರಾವಾಹಿಗೆ ಮೂಲವಾದ ಕಾದಂಬರಿಯನ್ನು ಅದಕ್ಕೆ ನೂರು ವರ್ಷ ಮೊದಲೇ ಬರೆದು, ಓದುಗರು ಅನ್ನ ನಿದ್ರೆಗಳನ್ನು ಮರೆಯುವಂತೆ ಮಾಡಿದ ಬಾಬು ದೇವಕೀನಂದನ ಖತ್ರಿಯವರ ಬದುಕು ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ.

ಖತ್ರಿಯವರು ಜನಿಸಿದ್ದು 1861ರಲ್ಲಿ, ಬಿಹಾರದ ಪೂಸಾ ಸಮೀಪದ ತಾಯಿಯ ತವರಿನಲ್ಲಿ. ಮೊದಲು ಕಲಿತದ್ದು ಉರ್ದು ಮತ್ತು ಪಾರ್ಸಿ. ಹಿಂದಿ, ಸಂಸ್ಕೃತಗಳ ಅಭ್ಯಾಸ ಅನಂತರ ಕಾಶಿಯಲ್ಲಿ. ಯೌವನದಲ್ಲಿ ಗಯಾದಲ್ಲಿದ್ದು ವ್ಯಾಪಾರ ನಡೆಸಿದರು. ಮುಂದೆ ಕಾಶಿಯಲ್ಲಿ ನೆಲೆಸಿ, ಅಲ್ಲಿನ ಮಹಾರಾಜರಿಂದ ಚಕಿಯಾ ಮತ್ತು ನೌಗಢ ಕಾಡುಗಳ ಗುತ್ತಿಗೆ ಪಡೆದರು.

ಅವರೊಳಗಿನ ಕಾದಂಬರಿಕಾರನನ್ನು ರೂಪಿಸಿದ್ದು ಈ ಗುತ್ತಿಗೆಯೇ ಎನ್ನಬೇಕು. ವಿಂಧ್ಯದ ಆ ಸೀಮೆಯಲ್ಲಿ ದಟ್ಟಾರಣ್ಯ, ಬೆಟ್ಟದ ಗುಹೆಗಳು, ಜಲಪಾತಗಳು, ಪಾಳುಬಿದ್ದ ಕೋಟೆಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಗುತ್ತಿಗೆದಾರರ ಕಣ್ಣು ಮರದ ಲೆಕ್ಕದ ಮೇಲಿರುವುದು ವಾಡಿಕೆ. ಖತ್ರಿಯವರ ಕಣ್ಣು ಗೋಡೆಯ ಬಿರುಕುಗಳ ಆಚೆಗೆ ಏನಿರಬಹುದೆಂಬುದರ ಮೇಲಿತ್ತು. ಗುತ್ತಿಗೆ ಕೈತಪ್ಪಿದ ಮೇಲೆ ಅವರು ಲೇಖನಿ ಹಿಡಿದರು. ‘ಚಂದ್ರಕಾಂತಾ’ 1888ರಲ್ಲಿ ಪ್ರಕಟವಾಗತೊಡಗಿತು. ಕಥೆಯ ನೌಗಢ, ವಿಜಯಗಢ, ಚುನಾರಗಢಗಳು ಭೂಪಟದಲ್ಲಿಯೂ ಇರುವ ಊರುಗಳೇ. ಆದರೆ ಅವುಗಳ ನೆಲದಡಿಯ ಲೋಕ ಮಾತ್ರ ಖತ್ರಿಯವರದು.

ಆ ಲೋಕದ ಹೆಸರು ತಿಲಿಸ್ಮ್. ನಿಧಿಯನ್ನು ಕಾಯಲೆಂದು ಪೂರ್ವಿಕರು ಕಟ್ಟಿದ ಚಕ್ರವ್ಯೂಹ ಅದು. ಒಂದು ಬಾಗಿಲು ತೆರೆದರೆ ಇನ್ನೊಂದು ಮುಚ್ಚುತ್ತದೆ, ಪುತ್ಥಳಿಗಳು ಚಲಿಸುತ್ತವೆ. ಯಾರ ಹೆಸರಿನಲ್ಲಿ ಕಟ್ಟಲಾಗಿದೆಯೋ ಅವನೊಬ್ಬನೇ ಅದನ್ನು ಭೇದಿಸಬಲ್ಲ. ಕೀಲಿಕೈ ಹುಡುಕುತ್ತ ಹಂತದಿಂದ ಹಂತಕ್ಕೆ ಏರುವ ಇಂದಿನ ಕಂಪ್ಯೂಟರ್ ಆಟಗಳಲ್ಲಿ ಮುಳುಗುವ ಮಕ್ಕಳಿಗೆ ಇದು ಅಪರಿಚಿತವೆನಿಸಲಾರದು. ಇನ್ನು ಐಯಾರರು: ವೇಷ ಮರೆಸುವುದರಲ್ಲಿ ನಿಪುಣರಾದ ಗೂಢಚಾರರು. ಅವರ ಚೀಲದಲ್ಲಿ ಪ್ರಜ್ಞೆ ತಪ್ಪಿಸುವ ಪುಡಿ, ಮರಳಿ ಎಚ್ಚರಿಸುವ ಮೂಲಿಕೆ, ಗೋಡೆ ಹತ್ತುವ ಹಗ್ಗ ಸದಾ ಸಿದ್ಧ. ಸೆರೆಸಿಕ್ಕ ಐಯಾರನನ್ನು ಬಂಧಿಸಬಹುದು, ಕೊಲ್ಲುವಂತಿಲ್ಲ ಎಂಬ ನಿಯಮವೂ ಉಂಟು. ತಿಲಿಸ್ಮ್, ಐಯಾರಿಗಳು ಪಾರ್ಸಿ, ಉರ್ದು ದಾಸ್ತಾನುಗಳಿಂದ ಬಂದವೇ. ಆದರೆ ದಾಸ್ತಾನುಗಳಲ್ಲಿ ಮಂತ್ರವಾದಿಗಳು ಮಾಡುವುದನ್ನು ಖತ್ರಿಯವರಲ್ಲಿ ಯಂತ್ರ, ತಂತಿ, ಮದ್ದುಗಳು ಮಾಡುತ್ತವೆ. ಪವಾಡವೆಂದು ಕಂಡದ್ದಕ್ಕೆ ಕೊನೆಗೊಂದು ಕಾರಣ ದೊರೆಯುತ್ತದೆ. ಓದುಗ ಅದನ್ನು ನಂಬಿ ಒಳಹೊಕ್ಕದ್ದು ಬಹುಶಃ ಇದರಿಂದಲೇ.

ಹಾಗೆ ಒಳಹೊಕ್ಕವರು ಅಸಂಖ್ಯ. ಅಂದು ಕಾಶಿಯೂ ಸೇರಿದಂತೆ ಆ ಪ್ರಾಂತ್ಯದ ನ್ಯಾಯಾಲಯಗಳಲ್ಲಿ ಉರ್ದುವಿನದೇ ಆಡಳಿತ. ನಾಗರೀ ಲಿಪಿಗೆ ಅಲ್ಲಿ ಅನುಮತಿ ದೊರೆತದ್ದು 1900ರಲ್ಲಿ. ಉದ್ಯೋಗಕ್ಕೆ ಬೇಕಿರದ ಆ ಲಿಪಿಯನ್ನು ‘ಚಂದ್ರಕಾಂತಾ’ ಓದಲೆಂದೇ ಕಲಿತವರು ಬಹುಮಂದಿ. ಮುಂದುವರಿದ ಕಥೆ ‘ಚಂದ್ರಕಾಂತಾ ಸಂತತಿ’ 24 ಭಾಗಗಳಿಗೆ ಬೆಳೆಯಿತು. ಖತ್ರಿಯವರು ಕಾಶಿಯಲ್ಲಿ ಲಹರಿ ಮುದ್ರಣಾಲಯವನ್ನು ಸ್ಥಾಪಿಸಿ ತಮ್ಮ ಕೃತಿಗಳನ್ನು ತಾವೇ ಅಚ್ಚು ಹಾಕಿದರು.

ವಿದ್ವಾಂಸರು ಮಾತ್ರ ಒಲಿಯಲಿಲ್ಲ. ಹಿಂದಿ ಸಾಹಿತ್ಯದ ಇತಿಹಾಸ ಬರೆದ ರಾಮಚಂದ್ರ ಶುಕ್ಲರು, ಹಿಂದಿಗೆ ಇವರಷ್ಟು ಓದುಗರನ್ನು ಬೇರಾವ ಲೇಖಕನೂ ಸೃಷ್ಟಿಸಲಿಲ್ಲವೆಂದು ಒಪ್ಪಿಕೊಂಡರು. ಘಟನೆಗಳ ವೈಚಿತ್ರ್ಯವಷ್ಟೇ ಇಲ್ಲಿದೆ, ಭಾವವಾಗಲಿ ಪಾತ್ರಚಿತ್ರಣವಾಗಲಿ ಇಲ್ಲವೆಂದು ಅದೇ ಉಸಿರಿನಲ್ಲಿ ಈ ಕಾದಂಬರಿಗಳನ್ನು ಸಾಹಿತ್ಯದ ಪಂಕ್ತಿಯಿಂದ ಹೊರಗಿಟ್ಟರು. ಪಾತ್ರಗಳ ಅಂತರಂಗ ಇಲ್ಲಿ ತೆಳುವೆಂಬುದು ನಿಜ. ಆದರೆ ಹೊಸ ಲಿಪಿಯೊಂದನ್ನು ಕಲಿಸಬಲ್ಲಷ್ಟು ತೀವ್ರವಾದ ತನ್ಮಯತೆಯನ್ನು ಕೇವಲ ಕಾಲಹರಣವೆಂದು ತಳ್ಳಿಹಾಕುವುದು ಹೇಗೆ? ಅದೇ ಕಾಲದಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಇಲ್ಲಿ ಕಾದಂಬರಿಯ ಓದುಗರನ್ನು ಬೆಳೆಸುತ್ತಿದ್ದರೆಂಬುದನ್ನು ಈ ಸಂದರ್ಭದಲ್ಲಿ ನೆನೆಯಬಹುದು.

‘ಸಂತತಿ’ ಮುಗಿದರೂ ಖತ್ರಿಯವರು ಆ ಲೋಕವನ್ನು ಬಿಡಲಿಲ್ಲ. ಅದರಲ್ಲಿ ಬರುವ ಭೂತನಾಥನೆಂಬ ಐಯಾರನ ಪೂರ್ವಕಥೆಯನ್ನು ಪ್ರತ್ಯೇಕ ಕಾದಂಬರಿಯಾಗಿ ಕೈಗೆತ್ತಿಕೊಂಡರು. ಆರು ಭಾಗಗಳಾಗುವಷ್ಟರಲ್ಲಿ, 1913ರಲ್ಲಿ, ಇನ್ನೂ 52ರ ವಯಸ್ಸಿನಲ್ಲಿ ನಿಧನರಾದರು. ತಂದೆ ನಿಲ್ಲಿಸಿದಲ್ಲಿಂದ ಪುತ್ರ ದುರ್ಗಾಪ್ರಸಾದ ಖತ್ರಿಯವರು ಕಥೆಯನ್ನು ಮುಂದುವರಿಸಿ ‘ಭೂತನಾಥ’ವನ್ನು ಪೂರ್ಣಗೊಳಿಸಿದರು.