ಗಂಗಾಮೂಲದ ಮಗಳು, ಕೇಡಗಾಂವ್‌ನ ತಾಯಿ

ಪುಣೆಯಿಂದ ತವರಿಗೆ ಹೊರಟಾಗಲೆಲ್ಲ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಿಟಕಿ ಪಕ್ಕದ ಸೀಟು ಸಿಗಲಿ ಎಂದು ನಾನು ಆಸೆಪಡುತ್ತೇನೆ. ಹಡಪಸರ, ಉರುಳಿ, ಯವತ ಕಳೆದು ದೌಂಡ್ ಬರುವ ಮೊದಲು ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಇದೆ. ನಮ್ಮ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಮದುವೆಯಾಗಿ ಈ ಕಡೆ ಬಂದ ಎಷ್ಟೋ ವರ್ಷ ನನಗೆ ಅದು ಹಳದಿ ಫಲಕದ ಮೇಲಿನ ಒಂದು ಹೆಸರು ಮಾತ್ರವಾಗಿತ್ತು. ಈಗ ಅಲ್ಲಿಗೆ ಬರುವಷ್ಟರಲ್ಲಿ ತಿಂಡಿ ಡಬ್ಬಿ ಮುಚ್ಚಿಟ್ಟು ಹೊರಗೆ ನೋಡುತ್ತೇನೆ. ನಮ್ಮ ಘಟ್ಟದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ದಿಕ್ಕಿಲ್ಲದ ಎಷ್ಟೋ ಹೆಣ್ಣುಮಕ್ಕಳನ್ನು ಸಾಕಿ ಓದಿಸಿ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದ ಊರು ಅದು.

ಸ್ಮರಣ ಸಂಚಿಕೆಗೆ ಒಬ್ಬ ಶಿಕ್ಷಕಿಯ ಬಗ್ಗೆ ಬರೆಯಬೇಕು ಎಂದು ಕುಳಿತಾಗ ನನಗೆ ಅವರೇ ನೆನಪಾದರು. ಆದರೆ ಅವರೊಬ್ಬರ ಬಗ್ಗೆ ಬರೆದು ಮುಗಿಸಲು ಆಗುವುದಿಲ್ಲ. ಅಜ್ಜಿ ಲಕ್ಷ್ಮೀಬಾಯಿ, ತಾಯಿ ರಮಾಬಾಯಿ, ಮಗಳು ಮನೋರಮಾ, ಮೂವರೂ ಕಲಿಸಿದವರೇ. ಮೊಮ್ಮಗಳು ಹುಟ್ಟುವ ಹೊತ್ತಿಗೆ ಅಜ್ಜಿ ತೀರಿಹೋಗಿ ಕೆಲವು ವರ್ಷಗಳೇ ಆಗಿದ್ದವು.

ಕಥೆಯ ಬೇರು ಪುಣೆಯಲ್ಲೇ ಇದೆ. ಕಾರ್ಕಳದ ಹತ್ತಿರದ ಮಾಳದ ಚಿತ್ಪಾವನ ಮನೆತನದ ಅನಂತ ಶಾಸ್ತ್ರಿ ಡೋಂಗ್ರೆ ಎಂಬ ತರುಣ ಸಂಸ್ಕೃತ ಕಲಿಯಲು ಪೇಶ್ವೆಯವರ ಪುಣೆಗೆ ಬಂದಿದ್ದರು. ಅವರ ಗುರುಗಳು ಎರಡನೆಯ ಬಾಜೀರಾಯನ ರಾಣಿಗೆ ಸಂಸ್ಕೃತ ಪಾಠ ಹೇಳಲು ಅರಮನೆಗೆ ಹೋಗುತ್ತಿದ್ದರು. ಹೆಂಗಸೊಬ್ಬಳು ಸಂಸ್ಕೃತ ಓದಬಲ್ಲಳು ಎನ್ನುವುದು ಆ ತರುಣನ ತಲೆಯೊಳಗೆ ಹೊಕ್ಕಿತು. ಊರಿಗೆ ಮರಳಿ ತಮ್ಮ ಹೆಂಡತಿಗೆ ಕಲಿಸಲು ಹೋದರೆ ಆಕೆಗೂ ಮನಸ್ಸಿಲ್ಲ, ಮನೆಯ ಹಿರಿಯರೂ ಬಿಡಲಿಲ್ಲ. ಆಕೆ ತೀರಿಕೊಂಡ ಮೇಲೆ ಯಾತ್ರೆಗೆ ಹೋದಾಗ ಗೋದಾವರಿ ದಂಡೆಯ ಪೈಠಣದಲ್ಲಿ ಒಬ್ಬ ಯಾತ್ರಿಕರು ಪರಿಚಯವಾದರು. ಮರುದಿನವೇ ಅವರು ತಮ್ಮ ಒಂಬತ್ತು ವರ್ಷದ ಮಗಳನ್ನು ಧಾರೆಯೆರೆದು ಕೊಟ್ಟು ಮುಂದೆ ಹೊರಟುಹೋದರು. ವರನಿಗೆ ಆಗಲೇ ನಲವತ್ತು ದಾಟಿತ್ತು. ಇವತ್ತು ಕೇಳಿದರೆ ಮೈ ಉರಿಯುವ ಮದುವೆ. ಆದರೂ ಆ ಮಗುವಿಗೆ ಸಿಕ್ಕ ಪಾಠ ಆ ಕಾಲದ ಯಾವ ಹುಡುಗಿಗೂ ಸುಲಭದಲ್ಲಿ ಸಿಗುವಂಥದ್ದಾಗಿರಲಿಲ್ಲ.

ಊರು ಸುಮ್ಮನಿರುತ್ತದೆಯೇ? ಉಡುಪಿಯಲ್ಲಿ ವಿದ್ವಾಂಸರ ಮುಂದೆ ಶಾಸ್ತ್ರಿಗಳು ಉತ್ತರ ಕೊಡಬೇಕಾಯಿತು. ಹೆಂಗಸರು ಸಂಸ್ಕೃತ ಕಲಿಯಲು ಶಾಸ್ತ್ರದ ಅಡ್ಡಿಯಿಲ್ಲ ಎಂದು ಗ್ರಂಥಗಳ ಆಧಾರ ಮುಂದಿಟ್ಟರು. ಆದರೂ ಕಿರುಕುಳ ತಪ್ಪಲಿಲ್ಲ. ಕೊನೆಗೆ ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿಕೊಂಡರು. ಆ ಕಾಡಿನಲ್ಲಿ 1858ರ ಏಪ್ರಿಲ್‌ನಲ್ಲಿ ರಮಾಬಾಯಿ ಹುಟ್ಟಿದರು. ಅತಿಥಿಗಳಿಗೂ ಶಿಷ್ಯರಿಗೂ ಅನ್ನ ಹಾಕಿ ಹಾಕಿ ಆಸ್ತಿ ಕರಗಿತ್ತು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಕೂಸು ಬೆತ್ತದ ಬುಟ್ಟಿಯಲ್ಲಿ ಮಲಗಿ ಆಳಿನ ತಲೆಯ ಮೇಲೆ ಘಟ್ಟ ಇಳಿಯಿತು.

ಆಮೇಲೆ ಅವರಿಗೆ ಮನೆ ಎನ್ನುವುದೇ ಇರಲಿಲ್ಲ. ಊರೂರು ಸುತ್ತಿ, ದೇವಸ್ಥಾನಗಳಲ್ಲಿ ಪುರಾಣ ಓದಿ, ಬಂದದ್ದರಲ್ಲಿ ಬದುಕುವುದು. ತಂದೆಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಹಾಗಾಗಿ ಮಗಳಿಗೆ ಪಾಠ ಹೇಳುವ ಕೆಲಸ ತಾಯಿಯದಾಯಿತು. ಲಕ್ಷ್ಮೀಬಾಯಿ ಬೆಳಕು ಹರಿಯುವ ಮೊದಲೇ ಮಗಳನ್ನು ಮುದ್ದುಮಾಡಿ ಎಬ್ಬಿಸಿ, ಪುಸ್ತಕವಿಲ್ಲದೆ ಬಾಯಿಂದ ಬಾಯಿಗೆ ಶ್ಲೋಕ ಹೇಳಿಕೊಡುತ್ತಿದ್ದರು. ಹಗಲಾದರೆ ಅಡುಗೆ, ಮನೆಗೆಲಸ, ನಡಿಗೆ. ಹೀಗೆಯೇ ಇಡೀ ಭಾಗವತ ಆ ಹುಡುಗಿಯ ಬಾಯಿಗೆ ಬಂತು. ನಮ್ಮಲ್ಲಿ ಕುಕ್ಕರ್ ಕೂಗುತ್ತಿರುವಾಗ ಮಗ್ಗಿ ಕೇಳಿ ಒಪ್ಪಿಸಿಕೊಂಡವರಿಗೆ ಆ ಬೆಳಗಿನ ಜಾವ ಹೇಗಿದ್ದೀತು ಎಂದು ಬಿಡಿಸಿ ಹೇಳಬೇಕಿಲ್ಲ.

1874ರ ಸುಮಾರಿಗೆ ಮದ್ರಾಸ್ ಪ್ರಾಂತದಲ್ಲಿ ಬರ ಬಂತು. ಪಾತ್ರೆ, ಬಟ್ಟೆ, ಒಡವೆ ಮಾರಿ ಮುಗಿದ ಮೇಲೆ ಎಲೆ ತಿಂದು ದಿನ ಕಳೆದರು. ಮೊದಲು ತಂದೆ ಹೋದರು. ಕೆಲವೇ ತಿಂಗಳಲ್ಲಿ ತಾಯಿ ಹಾಸಿಗೆ ಹಿಡಿದರು. ಜ್ವರದ ಮಂಪರಿನಲ್ಲಿ ತಾಯಿ ಊಟ ಕೇಳಿದಾಗ ರಮಾಬಾಯಿ ನೆರೆಮನೆಗೆ ಹೋಗಿ ಒಂದು ತುಂಡು ಸಜ್ಜೆ ರೊಟ್ಟಿಗಾಗಿ ನಿಂತರು. ಸಾವಿರಾರು ಶ್ಲೋಕ ಹೇಳುತ್ತಿದ್ದ ನಾಲಿಗೆಗೆ ಬೇಡುವ ಮಾತು ಬರಲಿಲ್ಲ. ಆ ಮನೆಯಾಕೆ ಅರ್ಥಮಾಡಿಕೊಂಡು ಕೊಟ್ಟರು. ಆದರೆ ತಾಯಿಗೆ ಅದನ್ನು ತಿನ್ನುವ ಶಕ್ತಿ ಉಳಿದಿರಲಿಲ್ಲ. ಹೆಣ ಹೊರಲೂ ಜನ ಸಿಗಲಿಲ್ಲ. ಇಬ್ಬರು ಕನಿಕರಪಟ್ಟು ಬಂದರು, ಅಣ್ಣ ಶ್ರೀನಿವಾಸ ಮೂರನೆಯವರು, ನಾಲ್ಕನೆಯವರಾಗಿ ಮಗಳು ಹೆಗಲು ಕೊಡಬೇಕಾಯಿತು. ಎತ್ತರ ಸಾಲದೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತರು. ಆಗ ಅವರಿಗೆ ಹದಿನಾರು ವರ್ಷ. ಮುಂದೆ ಅಕ್ಕನೂ ತೀರಿಕೊಂಡಳು.

ಉಳಿದ ಅಣ್ಣತಂಗಿ ನಡೆದರು. ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ಪಂಡಿತರು ಈ ಹುಡುಗಿಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಜಾತಿ ಮೀರಿ ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಮನೋರಮಾ ಹುಟ್ಟಿದಳು. ಮಗುವಿಗೆ ವರ್ಷ ತುಂಬುವ ಮೊದಲೇ ಕಾಲರಾ ಗಂಡನನ್ನು ಕರೆದೊಯ್ಯಿತು. ಇಪ್ಪತ್ತಮೂರರ ವಿಧವೆ ಕೈಗೂಸಿನೊಂದಿಗೆ ಪುಣೆಗೆ ಬಂದರು.

ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದ್ದು, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದದ್ದು ಎಲ್ಲವೂ 1882ರಲ್ಲೇ. ಮರುವರ್ಷ ಎರಡು ವರ್ಷದ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದರು. ಡಾಕ್ಟರಾಗುವ ಆಸೆ ಇತ್ತು. ಕಿವಿ ಮಂದವಾಗುತ್ತಿದ್ದುದರಿಂದ ಅದು ಕೈತಪ್ಪಿತು. ಅಲ್ಲಿಯೇ ಕ್ರೈಸ್ತಮತ ಸ್ವೀಕರಿಸಿದರು. ಸುದ್ದಿ ಕೇಳಿ ಪುಣೆ ಸಿಡಿದೆದ್ದಿತು. ಆದರೆ ಅವರು ಇಂಗ್ಲೆಂಡಿನ ಮಠದವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರೂ ಅಲ್ಲ. ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ. ಮಗಳನ್ನು ಹೇಗೆ ಬೆಳೆಸಬೇಕು ಎಂಬುದರ ಬಗ್ಗೆ ಅಲ್ಲಿನ ಸಿಸ್ಟರ್ ಜೆರಾಲ್ಡೀನ್ ಅವರೊಂದಿಗೆ ಅವರು ನಡೆಸಿದ ಪತ್ರಜಗಳ ಸಣ್ಣದಲ್ಲ.

1886ರಲ್ಲಿ, ತಮ್ಮ ಬಂಧು ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ಅಮೆರಿಕಕ್ಕೆ ಹೋದರು. ಹೋದವರು ಎರಡು ವರ್ಷಕ್ಕೂ ಹೆಚ್ಚು ಉಳಿದು ಶಿಶುವಿಹಾರದ ಪದ್ಧತಿ ಕಲಿತರು, ಊರೂರು ತಿರುಗಿ ಭಾಷಣ ಮಾಡಿ ವಿಧವೆಯರ ಶಾಲೆಗೆ ಹಣ ಕೂಡಿಸಿದರು. ಐದು ವರ್ಷದ ಮನೋರಮಾಳನ್ನು ಮಾತ್ರ ಇಂಗ್ಲೆಂಡಿನ ಸಿಸ್ಟರ್‌ಗಳ ಬಳಿಗೆ ವಾಪಸ್ ಕಳಿಸಿದ್ದರು. ನನಗೆ ಇಲ್ಲಿ ಗಂಟಲು ಕಟ್ಟುತ್ತದೆ. ಊರವರ ಮಕ್ಕಳಿಗೆ ಶಾಲೆ ಕಟ್ಟಲು ಹೊರಟ ತಾಯಿ ತನ್ನ ಮಗುವನ್ನು ಸಮುದ್ರದಾಚೆ ಬಿಟ್ಟಿರಬೇಕಾಯಿತು. ಸರಿಯೋ ತಪ್ಪೋ ತೀರ್ಪು ಕೊಡಲು ನನಗೆ ಧೈರ್ಯವಿಲ್ಲ. ಕೆಲಸಕ್ಕೆಂದು ಮಕ್ಕಳನ್ನು ತವರಿನಲ್ಲಿ ಬಿಟ್ಟು ಬಂದ ಗೆಳತಿಯರು ನಮ್ಮಲ್ಲೂ ಇದ್ದಾರೆ.

1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯ ಹತ್ತಿರ ಶಾರದಾ ಸದನ ಶುರುವಾಯಿತು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಅವರು ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಆದರು. ಅದೇ ಕರ್ವೆಯವರು 1916ರಲ್ಲಿ ಆರಂಭಿಸಿದ ಮಹಿಳಾ ವಿಶ್ವವಿದ್ಯಾಲಯವೇ ಇಂದಿನ ಎಸ್‌ಎನ್‌ಡಿಟಿ. ನಮ್ಮ ಮಂಡಳಿಗಳ ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ಓದಿದವರು.

ಮರುವರ್ಷ ಸದನ ಪುಣೆಗೆ ಬಂತು. ಬಾಗಿಲು ತೆರೆದಿಟ್ಟು ಪ್ರಾರ್ಥನೆಗೆ ಕೂರುತ್ತಿದ್ದ ರಮಾಬಾಯಿಯವರ ಬಳಿಗೆ ಕೆಲವು ಹುಡುಗಿಯರೂ ಬಂದು ಕೂರತೊಡಗಿದರು. ಮತಾಂತರದ ಗುಲ್ಲೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೇ ಸಲಹಾ ಸಮಿತಿಯಿಂದ ಹೊರನಡೆದರು. ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಮಾಬಾಯಿಯವರ ಕೊನೆಯ ದಶಕಗಳ ಧರ್ಮೋತ್ಸಾಹ ನನಗೂ ದೂರದ್ದೇ. ಆದರೆ ಆ ಬಾಲವಿಧವೆಯರನ್ನು ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದ ಮನೆಗಳಿಗೆ ಅವರನ್ನು ಓದಿಸುವ ಯೋಚನೆ ಅದಕ್ಕೂ ಮೊದಲು ಏಕೆ ಬರಲಿಲ್ಲ ಎಂಬುದನ್ನೂ ಕೇಳದೆ ಇರಲಾರೆ.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ. ಬರ ಎಂದರೇನೆಂದು ರಮಾಬಾಯಿಯವರಿಗೆ ಯಾರೂ ವಿವರಿಸಬೇಕಿರಲಿಲ್ಲ. ತಾವೇ ಹೋಗಿ ಹಸಿದ ಹುಡುಗಿಯರನ್ನು ನೂರುಗಟ್ಟಲೆ ಕರೆತಂದರು. ಅವರಿಗೆಲ್ಲ ಜಾಗವಾದದ್ದು ಕೇಡಗಾಂವ್‌ನ ಹೊಲದಲ್ಲಿ, ಮುಕ್ತಿ ಸದನದಲ್ಲಿ. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತ್ತು. ಬೆಳಗ್ಗೆ ಓದು, ಉಳಿದ ಹೊತ್ತು ಕೆಲಸ: ಮಗ್ಗ, ಎಣ್ಣೆಗಾಣ, ಹೈನು, ಹೊಲ. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವರೂ ಹೆಂಗಸರೇ. ಕುರುಡು ಹುಡುಗಿಯರಿಗೆ ಮನೋರಮಾ ಬ್ರೈಲ್ ಕಲಿಸಿದರು.

ಮನೋರಮಾ! ದೂರದಲ್ಲಿ ಬೆಳೆದ ಆ ಮಗು ಓದು ಮುಗಿಸಿ ಅಮ್ಮನ ಬಳಿಗೇ ಬಂದು, ಶಾರದಾ ಸದನದ ಮುಖ್ಯೋಪಾಧ್ಯಾಯಿನಿಯಾದರು. ಮದುವೆಯಾಗಲಿಲ್ಲ. ಕಿವಿ ಕೇಳದ ಅಮ್ಮನಿಗೆ ಬಲಗೈಯಾಗಿ ನಿಂತರು. 1912ರ ಸುಮಾರಿಗೆ, ಆಗ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲ್ಬರ್ಗದಲ್ಲಿ ತಾಯಿಮಗಳು ಸೇರಿ ಒಂದು ಹೈಸ್ಕೂಲು ತೆರೆದರು. ಮನೋರಮಾ ಅದಕ್ಕೂ ಮುಖ್ಯಸ್ಥೆ. ಘಟ್ಟದಿಂದ ಬುಟ್ಟಿಯಲ್ಲಿ ಹೊರಟ ಮಗುವಿನ ಮಗಳು ಹೀಗೆ ಕನ್ನಡ ನಾಡಿಗೆ ಟೀಚರಾಗಿ ಬಂದರು. ನಮ್ಮ ಕಡೆಯವರಲ್ಲೇ ಇದು ಎಷ್ಟು ಜನಕ್ಕೆ ಗೊತ್ತು?

ತಮ್ಮ ನಂತರ ಎಲ್ಲವನ್ನೂ ಮಗಳೇ ನೋಡಿಕೊಳ್ಳಬೇಕೆಂದು ರಮಾಬಾಯಿ ನಿಶ್ಚಯಿಸಿದ್ದರು. 1921ರ ಜುಲೈನಲ್ಲಿ ಮನೋರಮಾ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ತಾಯಿ ಮೇಜು ಬಿಟ್ಟು ಏಳಲಿಲ್ಲ. ಹೀಬ್ರೂ, ಗ್ರೀಕ್ ತಾವೇ ಕಲಿತು ವರ್ಷಗಳಿಂದ ಮಾಡುತ್ತಿದ್ದ ಬೈಬಲ್‌ನ ಮರಾಠಿ ಅನುವಾದ ಬಾಕಿ ಇತ್ತು. ಅದನ್ನು ಮುಗಿಸಿದರು. ಒಂಬತ್ತು ತಿಂಗಳು ತುಂಬುವ ಮೊದಲೇ ತಾವೂ ಹೊರಟರು. ಸ್ವಂತ ಮೊಮ್ಮಕ್ಕಳನ್ನು ಕಾಣಲಿಲ್ಲ.

ಕೇಡಗಾಂವ್ ದಾಟಿದ ಉದ್ಯಾನ್ ಸೊಲ್ಲಾಪುರದ ಮೂಲಕ ಕಲಬುರಗಿಗೂ ಹೋಗುತ್ತದೆ. ತಾಯಿಯ ಊರು, ಮಗಳ ಊರು ಒಂದೇ ಹಳಿಯ ಮೇಲಿವೆ. ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ನನ್ನ ಜೊತೆಗಿದ್ದಳು. ಅವಳ ಶಾಲೆಯಲ್ಲಿ ಕನ್ನಡವಿಲ್ಲ, ಮನೆಯಲ್ಲಿ ನಾನೇ ಅಕ್ಷರ ತಿದ್ದಿಸುತ್ತಿದ್ದೇನೆ. ಕಲಬುರಗಿಯ ಪ್ಲಾಟ್‌ಫಾರ್ಮ್ ಬಂದಾಗ ಕಿಟಕಿಯ ಸರಳಿಗೆ ಮುಖವಿಟ್ಟು ಫಲಕದ ಅಕ್ಷರ ಒಂದೊಂದಾಗಿ ಕೂಡಿಸತೊಡಗಿದಳು. ಮೂರನೆಯ ಅಕ್ಷರದ ಕೊಂಬಿಗೆ ತಡವರಿಸುತ್ತಿದ್ದಾಗಲೇ ಗಾಡಿ ಹೊರಟಿತು. ನಾನು ಚೀಟಿಯ ಹಿಂದೆ ಬರೆದು ತೋರಿಸಿದೆ.