ಕೃಪೆಯ ಮನೆ ಕಟ್ಟಿದ ಪಂಡಿತಾ ರಮಾಬಾಯಿ

ಸೊಲ್ಲಾಪುರದಿಂದ ಅಕ್ಕಲಕೋಟ ರಸ್ತೆ ಹಿಡಿದು ಎಂಐಡಿಸಿಯತ್ತ ಹೊರಟರೆ ‘ಸ್ವಾಮಿ ಕೃಪಾ’, ‘ಗುರು ಕೃಪಾ’ ಎಂಬ ಹೆಸರುಗಳು ಅಂಗಡಿಗಳ ಮೇಲೂ ವಾಹನಗಳ ಮೇಲೂ ಕಣ್ಣಿಗೆ ಬೀಳುತ್ತವೆ. ಕೃಪೆ ಎಂಬ ಮಾತು ನಮಗೆ ಹೊಸದಲ್ಲ. ಅದೇ ಎಂಐಡಿಸಿಯಲ್ಲಿ ಚಾದರ, ಟಾವೆಲ್ ನೇಯುವವರಿಗೆ ದುಡಿದುದಕ್ಕೆ ಪಗಾರ ಸಿಗುತ್ತದೆ. ಪಗಾರ ಕೃಪೆಯಲ್ಲ, ಅದು ದುಡಿದವರ ಹಕ್ಕು. ಯಾವ ಹಕ್ಕೂ ಇಲ್ಲದವರಿಗೆ ಪ್ರೀತಿಯಿಂದ ದೊರೆಯುವುದೇ ಕೃಪೆ. ಕ್ರೈಸ್ತ ಧರ್ಮದಲ್ಲಿ ಈ ವ್ಯತ್ಯಾಸಕ್ಕೆ ಬಹು ದೊಡ್ಡ ಸ್ಥಾನವಿದೆ. ಇದನ್ನು ಅರಿಯಲು ತಮ್ಮ ಅರ್ಧ ಆಯುಷ್ಯವನ್ನೇ ಸವೆಸಿದವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು ಕನ್ನಡ ನಾಡಿನಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ.

ರಮಾಬಾಯಿಯವರು 1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದ ಕಡೆಯವರು. ಹೆಂಗಸರು ಸಂಸ್ಕೃತ ಕಲಿಯಬಾರದೆಂಬ ಕಾಲದಲ್ಲಿ ಅವರು ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದರು. ತಾಯಿಯೇ ರಮಾಬಾಯಿಗೆ ಗುರುವಾದರು. ಮಗು ಆರು ತಿಂಗಳಿನದಾಗಿದ್ದಾಗ ಕುಟುಂಬವು ಬೆಟ್ಟ ಇಳಿದು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಹೊತ್ತು ತಂದರಂತೆ.

ಊರೂರು ತಿರುಗಿ ಪುರಾಣ ಓದುವುದೇ ಅವರ ಜೀವನವಾಯಿತು. ಇದ್ದ ಹಣವನ್ನೆಲ್ಲ ವ್ರತ, ಪೂಜೆ, ದಾನಗಳಿಗೆ ವೆಚ್ಚ ಮಾಡಿದರು. ಪುಣ್ಯ ಗಳಿಸಿದರೆ ದೇವರು ಕೈಬಿಡುವುದಿಲ್ಲವೆಂಬ ನಂಬಿಕೆ ಅವರದು. ಆದರೆ 1870ರ ದಶಕದ ಬರಗಾಲದಲ್ಲಿ ಕಾಡಿನ ಎಲೆ, ನೀರೇ ಅವರಿಗೆ ಆಹಾರವಾಯಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಾಯಿಯ ಚಟ್ಟಕ್ಕೆ ನಾಲ್ಕನೆಯವರಾಗಿ ರಮಾಬಾಯಿಯೇ ಹೆಗಲು ಕೊಡಬೇಕಾಯಿತು. ಗಿಡ್ಡ ಆಳಾದ್ದರಿಂದ ಅವರು ಅದನ್ನು ತಲೆಯ ಮೇಲೆ ಹೊತ್ತರು. ಇಷ್ಟೆಲ್ಲ ಪುಣ್ಯಕ್ಕೆ ಫಲ ಇದೇ ಏನು ಎಂಬ ಪ್ರಶ್ನೆ ಆ ಎಳೆಯ ಮನಸ್ಸಿನಲ್ಲಿ ಉಳಿಯಿತು.

ಅಣ್ಣ ಶ್ರೀನಿವಾಸನೊಡನೆ ಬರಿಗಾಲಲ್ಲಿ ದೇಶ ಸುತ್ತಿ ಅವರು 1878ರಲ್ಲಿ ಕಲಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಬಂಗಾಲದ ವಕೀಲ ಬಿಪಿನ್ ಬಿಹಾರಿಯವರೊಡನೆ ವಿವಾಹವಾಯಿತು. 1882ರಲ್ಲಿ ಪತಿಯೂ ಕಾಲರಾಕ್ಕೆ ತುತ್ತಾದರು. ಇಪ್ಪತ್ನಾಲ್ಕು ತುಂಬುವ ಮುನ್ನವೇ ರಮಾಬಾಯಿ ವಿಧವೆಯಾದರು. ಕೈಯಲ್ಲಿ ಮನೋರಮಾ ಎಂಬ ಹಸುಗೂಸು.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿ ಕ್ರೈಸ್ತ ಸನ್ಯಾಸಿನಿಯರು ಪತಿತೆಯರೆನಿಸಿಕೊಂಡ ಹೆಂಗಸರನ್ನು ಆದರಿಸಿ, ಆರೈಕೆ ಮಾಡುವುದನ್ನು ಕಂಡರು. ಯೇಸು ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿ ಮಾತನಾಡಿದ ಕಥೆ ಅವರ ಮನಸ್ಸನ್ನು ಸೆಳೆಯಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಅವರು ದೀಕ್ಷಾಸ್ನಾನ ಪಡೆದರು. ಮುಂದೆ ಅಮೆರಿಕೆಗೆ ಹೋಗಿ ಸಹಾಯ ಕೂಡಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂತು.

ಇಷ್ಟಾದರೂ ಅವರಿಗೆ ಮನಶ್ಶಾಂತಿ ಇರಲಿಲ್ಲ. ದೀಕ್ಷೆಯಾಗಿ ಎಂಟು ವರ್ಷ ಕಳೆದ ಮೇಲೆ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆಯನ್ನು ಓದಿದರು. ಆಗ ಒಂದು ಸತ್ಯ ಹೊಳೆಯಿತು. ತಾವು ಧರ್ಮವನ್ನು ಬದಲಿಸಿದ್ದರೂ ಹಳೆಯ ಲೆಕ್ಕಾಚಾರವನ್ನು ಬಿಟ್ಟಿರಲಿಲ್ಲ. ಮೊದಲು ವ್ರತಗಳಿಂದ, ಈಗ ಸತ್ಕಾರ್ಯಗಳಿಂದ ದೇವರ ಮೆಚ್ಚುಗೆಯನ್ನು ಗಳಿಸಲು ಹೆಣಗುತ್ತಿದ್ದರು. ಕ್ಷಮೆ ಗಳಿಸುವಂಥದಲ್ಲ, ಅದು ದೇವರು ಉಚಿತವಾಗಿ ಕೊಡುವ ದಾನ, ಕೈಚಾಚಿ ಸ್ವೀಕರಿಸಿದರೆ ಸಾಕು ಎಂದು ಅವರು ಅರಿತರು. ಪಗಾರಕ್ಕೆ ಕಾಯುವ ಆಳು ಮನೆಯ ಮಗಳಾದಂತೆ ಆಯಿತು.

ಹಾಗಾದರೆ ಸತ್ಕಾರ್ಯ ಬೇಡವೇ? ರಮಾಬಾಯಿಯವರ ಮುಂದಿನ ಬಾಳೇ ಇದಕ್ಕೆ ಉತ್ತರ. ಮತಾಂತರದ ಆಪಾದನೆ ಎದ್ದು 1893ರಲ್ಲಿ ಅನೇಕ ಪಾಲಕರು ತಮ್ಮ ಹುಡುಗಿಯರನ್ನು ಶಾರದಾಸದನದಿಂದ ಬಿಡಿಸಿಕೊಂಡು ಹೋದರು. ಆದರೂ ಅವರು ಕೆಲಸ ನಿಲ್ಲಿಸಲಿಲ್ಲ. 1896–97ರಲ್ಲಿ ಮಧ್ಯಪ್ರಾಂತಕ್ಕೆ ಬರ ಬಿದ್ದಾಗ, ಹಸಿವಿನ ಸಂಕಟ ಉಂಡಿದ್ದ ಅವರು ಸ್ವತಃ ಅಲ್ಲಿಗೆ ಧಾವಿಸಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವದಲ್ಲಿ 1898ರಲ್ಲಿ ‘ಮುಕ್ತಿ’ ಎಂಬ ಆಶ್ರಮದ ಅಡಿಗಲ್ಲು ಬಿತ್ತು. 1900ರ ಬರಗಾಲದ ನಂತರ ಅಲ್ಲಿ ಎರಡು ಸಾವಿರದಷ್ಟು ಜನ ಆಶ್ರಯ ಪಡೆದಿದ್ದರು. ನೇಯ್ಗೆ, ಒಕ್ಕಲುತನ, ಅಚ್ಚಿನ ಕೆಲಸಗಳನ್ನು ಕಲಿತರು. ಕುರುಡರಿಗೆ ಬ್ರೈಲ್ ಲಿಪಿಯ ಪಾಠವಿತ್ತು. ದಾರಿ ತಪ್ಪಿದವರೆಂದು ಸಮಾಜ ಹೊರದೂಡಿದ ಹೆಂಗಸರಿಗೆ ಬೇರೆಯೇ ಒಂದು ಮನೆ ಇತ್ತು. ಅದರ ಹೆಸರು ‘ಕೃಪಾಸದನ’. ಯೋಗ್ಯತೆಯನ್ನು ಕೇಳದೆ ತಮಗೆ ದೊರೆತದ್ದನ್ನು ಅವರು ಯೋಗ್ಯತೆ ಕೇಳದೆ ಹಂಚಿದರು.

ರಮಾಬಾಯಿಯವರು ಹೀಬ್ರೂ ಮತ್ತು ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಆಶ್ರಮದ ಹೆಂಗಸರೇ ಅದನ್ನು ಅಚ್ಚು ಹಾಕಿದರು. ಮಗಳು ಮನೋರಮಾ ತಾಯಿಗೆ ಬಲಗೈಯಾಗಿದ್ದು, ಕಲಬುರಗಿಯಲ್ಲೂ ಹೆಣ್ಣುಮಕ್ಕಳ ಶಾಲೆ ತೆರೆಯಲು ದುಡಿದರು. 1921ರಲ್ಲಿ ಆ ಮಗಳೂ ತೀರಿಕೊಂಡರು. ಆ ದುಃಖವನ್ನು ನುಂಗಿ ಭಾಷಾಂತರವನ್ನು ಮುಗಿಸಿದ ರಮಾಬಾಯಿಯವರು 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಭಾರತ ಸರಕಾರವು 1989ರಲ್ಲಿ ಅವರ ಅಂಚೆಚೀಟಿ ಹೊರಡಿಸಿತು.

ವಿದ್ಯಾರ್ಥಿ ಮಿತ್ರರೇ, ಕಲಬುರಗಿಯಿಂದ ಅಕ್ಕಲಕೋಟ ರೋಡ್, ಸೊಲ್ಲಾಪುರ ದಾಟಿ ಪುಣೆಗೆ ಹೋಗುವ ರೈಲು ಮಾರ್ಗದಲ್ಲೇ ಕೇಡಗಾಂವ ಇದೆ. ಮುಕ್ತಿ ಆಶ್ರಮದ ಸೇವೆ ಇಂದಿಗೂ ನಡೆದಿದೆ. ಆ ದಾರಿಯಲ್ಲಿ ಪ್ರಯಾಣಿಸುವಾಗ ಈ ತಾಯಿಯನ್ನು ನೆನೆಯೋಣ. ನಮ್ಮ ಜೀವ, ತಾಯಿಯ ಹಾಲು, ಗುರುಗಳ ಅಕ್ಕರೆ ಇವೆಲ್ಲ ನಾವು ದುಡಿದು ಪಡೆದವಲ್ಲ. ಪುಕ್ಕಟೆಯಾಗಿ ಪಡೆದವರು ಕೊಡುವಾಗ ಲೆಕ್ಕ ಹಾಕಬಾರದು.